ಸರೋಜಾ ಟೀಚರ್ ಹೆಸರಿಗೆ ಅನುಮೋದಕರಿಲ್ಲ

ಗೆಳೆಯರೇ, ರಾಜಾಜಿನಗರದ ನಮ್ಮ ಬಡಾವಣೆಯ ಕ್ರೀಡಾಕೇಂದ್ರಕ್ಕೆ ಹೊಸ ಹೆಸರಿಡಲು ಇಂದು ನಿವಾಸಿಗಳ ಸಭೆ ನಡೆಯಿತು. ಆ ಕೇಂದ್ರದಲ್ಲಿ ಇಪ್ಪತ್ತು ವರ್ಷ ನನ್ನಂಥ ಮಕ್ಕಳಿಗೆ ಟೇಬಲ್ ಟೆನಿಸ್ ಕಲಿಸಿ, ಕಳೆದ ವರ್ಷ ತೀರಿಕೊಂಡ ಸರೋಜಾ ಟೀಚರ್ ಹೆಸರನ್ನು ನಾನು ಸೂಚಿಸಿದೆ. ನನ್ನ ಭಾಷಣದಲ್ಲಿ ಒಂದು ತಪ್ಪೂ ಇರಲಿಲ್ಲ.

"ಚೆನ್ನಾಗ್ ಮಾತಾಡ್ದೆ ಕಣಮ್ಮ. ಅನುಮೋದಕರು ಯಾರು?" ಎಂದರು ಸಂಘದ ಅಧ್ಯಕ್ಷರು.

ಯಾರೂ ಕೈಯೆತ್ತಲಿಲ್ಲ.

"ಇನ್ನೊಬ್ರು ಒಪ್ಪಿ ಕೈ ಎತ್ತದಿದ್ರೆ ಬರ್ಕೊಳಕ್ಕಾಗಲ್ಲಮ್ಮ. ಜೊತೇಲಿ ಕಲಿತ ಫ್ರೆಂಡ್ಸ್‌ನ ಕರ್ಕೊಂಡ್ ಬರೋದಲ್ವಾ?"

ಭಾಷಣವೊಂದೇ ಸಾಕೆಂದು ನಾನು ಯಾರನ್ನೂ ಕರೆದಿರಲಿಲ್ಲ. ಈಗಲಾದರೂ ಕರೆಯೋಣವೆಂದು ಫೋನ್ ತೆಗೆದರೆ, ಯಾರ ಹೆಸರಿನ ಮೇಲೂ ಬೆರಳು ನಿಲ್ಲಲಿಲ್ಲ. ಟೀಚರ್ ಹೆಸರು ಪಟ್ಟಿ ಸೇರಲಿಲ್ಲ.

ತರಗತಿಗೇ ಮೊದಲಿಗಳಾಗಲು ಇಷ್ಟು ವರ್ಷ ನನಗೆ ಅನುಮೋದಕರ ಅಗತ್ಯವೇ ಬಿದ್ದಿರಲಿಲ್ಲ. ಹಾಗಾಗಿ ಒಬ್ಬರನ್ನೂ ಸಂಪಾದಿಸಿಟ್ಟುಕೊಳ್ಳಲಿಲ್ಲ.