ಬೋಣಿಯ ಪುಟ

ವಾಡಿಯ ಮಾಣಿಕಮ್ಮನ ಮಗಳು ಲುಂಬಿನಿಗೆ ಮಳೆಯ ಹುಚ್ಚು. ನೆನೆಯುವ ಹುಚ್ಚಲ್ಲ, ಲೆಕ್ಕ ಹಾಕುವ ಹುಚ್ಚು. ಸೇಡಂ, ಚಿತ್ತಾಪುರ, ಚಿಂಚೋಳಿಯ ತಹಸೀಲ ಕಚೇರಿಗಳಿಗೆ ಚಪ್ಪಲಿ ಸವೆಯುವ ಹಾಗೆ ಅಲೆದು ಹಳೆಯ ಮಳೆಯ ಅಂಕಿಗಳನ್ನು ಬರೆದು ತರುವುದು, ಕಂಪ್ಯೂಟರಿಗೆ ಉಣಿಸುವುದು, ಭೂಮಿ ಹೀಗೇ ಬಿಸಿಯೇರುತ್ತ ಹೋದರೆ ಮೊಮ್ಮಕ್ಕಳ ಕಾಲಕ್ಕೆ ನಮ್ಮ ತೊಗರಿಗೆ ಮಳೆ ಯಾವಾಗ ಬಂದೀತು ಎಂದು ಕೇಳುವುದು. ಇಂಥ ಲೆಕ್ಕಕ್ಕೆ ಹವಾಮಾನ ಮಾದರಿ ಎಂದು ಹೆಸರು. ಅರ್ಧ ಆಗಿತ್ತು. ಇನ್ನರ್ಧ ಮುಗಿಸಿದರೆ ಅದೇ ಅವಳ ಪಿಎಚ್.ಡಿ. ಆಕೆಗೆ ಬೇಕಾದದ್ದು ಇಷ್ಟೇ, ಮತ್ತೇನೂ ಅಲ್ಲ.

ಆದರೆ ಕೆಲಸ ಹಂಗಾಮಿ. ಸೇಡಂನ ಸಂಶೋಧನಾ ಕೇಂದ್ರದಲ್ಲಿ ವಿಠ್ಠಲ್ ಸರ್ ಎಂಬ ಮುಖ್ಯಸ್ಥರ ಕೈಕೆಳಗೆ ಎರಡು ವರ್ಷಕ್ಕೆ ತೆಗೆದುಕೊಂಡಿದ್ದರು. ಮುಂದುವರಿಸುವುದು ಬಿಡುವುದು ಕಲಬುರ್ಗಿಯ ಮುಖ್ಯ ಕಚೇರಿಯವರ ಮರ್ಜಿ. ೨೦೦೪ರಲ್ಲಿ ಆ ಪುಣ್ಯಾತ್ಮರಿಗೆ ಹೊಸ ಗಾಳಿ ಬಡಿಯಿತು. ಪ್ರತಿ ಯೋಜನೆಗೂ ಇಂಟರ್ನೆಟ್ಟಿನಲ್ಲಿ ಒಂದು ಪುಟ ಇರಬೇಕು, ಪುಟದ ಕೆಳಗೆ ಎಷ್ಟು ಸಲ ತೆರೆಯಿತೆಂದು ತೋರಿಸುವ ಕೌಂಟರ್ ಇರಬೇಕು. ಜನ ನೋಡದ ಸಂಶೋಧನೆಗೆ ದುಡ್ಡು ಯಾಕೆ ಸುರಿಯಬೇಕು ಎಂಬುದು ಅವರ ವಾದ. ಐವತ್ತು ವರ್ಷದಾಚೆಯ ಮಳೆಯನ್ನು ಇವತ್ತು ಯಾರು ನೋಡಲು ಬರುತ್ತಾರೆ ಎಂದು ಅವರನ್ನು ಕೇಳುವ ಎದೆ ಯಾರಿಗಿತ್ತು?

ಕೇಂದ್ರದಲ್ಲಿ ಇಂಟರ್ನೆಟ್ ಇರಲಿಲ್ಲ. ಲುಂಬಿನಿ ಬಸ್‌ಸ್ಟ್ಯಾಂಡ್ ಎದುರಿನ ಗುಲಾಮ ದಸ್ತಗೀರನ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ಪುಟ ಏರಿಸಿದಳು. ಮುಂದಿನ ವಾರ ಹೋಗಿ ನೋಡಿದರೆ ಕೌಂಟರ್ ಓಡುತ್ತಿತ್ತು. ಅದರ ಮುಂದಿನ ವಾರ ಇನ್ನೂ ಜೋರು. ಎಲ್ಲೋ ಯಾರೋ ತನ್ನ ಮಳೆಯನ್ನು ಓದುತ್ತಿದ್ದಾರೆ ಎಂದು ಹುಡುಗಿ ಉಬ್ಬಿಹೋದಳು. ಸಂಜೆಯ ಪ್ಯಾಸೆಂಜರಿನಲ್ಲಿ ಚಿತ್ತಾಪುರ ದಾಟಿ ವಾಡಿ ಮುಟ್ಟುವ ತನಕ ಅವಳ ಮುಖದ ನಗೆ ಮಾಸುತ್ತಿರಲಿಲ್ಲ. ವಿಠ್ಠಲ್ ಸರ್ ಆ ಅಂಕಿಯನ್ನು ಕಲಬುರ್ಗಿಗೆ ಕಳಿಸಿದರು, ಯೋಜನೆ ಮುಂದುವರಿಯಿತು.

ನಿಜ ಗೊತ್ತಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಅವಳು ಅಂಗಡಿಯಲ್ಲಿದ್ದಾಗಲೇ ಕರೆಂಟು ಹೋಯಿತು. ಬಂದ ಮೇಲೆ ದಸ್ತಗೀರ ಒಂದೊಂದೇ ಕಂಪ್ಯೂಟರ್ ಚಾಲೂ ಮಾಡಿ ಇಂಟರ್ನೆಟ್ ತೆರೆದ. ಪ್ರತಿಯೊಂದರಲ್ಲೂ ಮೊದಲು ಎದ್ದು ಬಂದದ್ದು ಲುಂಬಿನಿಯ ಪುಟ. ಕೌಂಟರ್ ಅವಳ ಕಣ್ಣೆದುರೇ ಜಿಗಿಯಿತು. ಇದೇನೆಂದು ಕೇಳಿದರೆ ದಸ್ತಗೀರನಿಗೆ ಹಿಗ್ಗು. ಅವಳು ಪುಟ ಏರಿಸಿದ ದಿನ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರದಷ್ಟು ಗಿರಾಕಿಗಳು ಬಂದಿದ್ದರಂತೆ.

"ನಿಮ್ ಪುಟದ ಕೈಗುಣ ಭಾಳ ಚಲೋ ಅದ್ರಿ ಬೆಹನ್. ಅದಕ್ಕ ಎಲ್ಲಾ ಮಷೀನಿಗೂ ಅದರಿಂದಾನೇ ಬೋಣಿ ಮಾಡ್ಲಿಕತ್ತೀನಿ" ಎಂದ.

ಪಾಪ, ಅವನನ್ನು ಏನೆಂದು ಬೈಯುವುದು? ಸಿನಿಮಾ ನಟಿಯರ ಫೋಟೋ ಹುಡುಕಲು ಬಂದವರು, ಪರೀಕ್ಷೆಯ ಫಲಿತಾಂಶ ನೋಡಲು ಬಂದವರು, ಎಲ್ಲರೂ ಅವಳ ಮಳೆಯನ್ನು ಒಂದು ಗಳಿಗೆ ಕಂಡು ಮುಂದೆ ಹೋಗಿದ್ದರು.  ಲುಂಬಿನಿ ಓಡಿಹೋಗಿ ವಿಠ್ಠಲ್ ಸರ್‌ಗೆ ಹೇಳಿದಳು. ಅವರು ಬಾಗಿಲು ಹಾಕಿ ಬಂದು ಕುಳಿತರು.

"ಈಗ ಬಾಯಿ ಬಿಟ್ರ ನಿಮ್ ಮಾದರಿನೂ ಹೋಯ್ತು, ನನ್ ಮರ್ಯಾದಿನೂ ಹೋಯ್ತು. ಅಂವನ ಮಷೀನಿನಾಗಿಂದ ಪುಟ ತೆಗಸಬ್ಯಾಡ್ರಿ. ಸುಮ್ ಕುಂದ್ರಿ."

ಕುಳಿತಳು. ಅಲ್ಲಿಂದ ಶುರುವಾಯಿತು ನೋಡಿ ಅವಳ ಫಜೀತಿ. ಕಲಬುರ್ಗಿಗೆ ಕಳಿಸುವ ತಿಂಗಳ ಅಂಕಿ ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚಿರಬೇಕಿತ್ತು. ಒಂದು ತಿಂಗಳು ಕರೆಂಟು ಸರಿಯಾಗಿದ್ದು, ಮಷೀನುಗಳನ್ನು ಮತ್ತೆ ಮತ್ತೆ ಚಾಲೂ ಮಾಡುವುದು ತಪ್ಪಿ ಕೌಂಟರ್ ಮಂದವಾಯಿತು. ಊರಿಗೆಲ್ಲ ಫ್ಯಾನು ತಿರುಗುತ್ತಿದ್ದರೆ ಇವಳೊಬ್ಬಳು ಕರೆಂಟು ಹೋಗಲಿ ಎಂದು ಹಾರೈಸುತ್ತ ಕುಳಿತಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಾದರಿ ಮುಂದೆ ಸಾಗಲಿಲ್ಲ. ಯಾವ ಲೆಕ್ಕಕ್ಕೆ ಕೈಹಾಕಿದರೂ ಆ ಕೌಂಟರೇ ಕಣ್ಣಮುಂದೆ ಬರುತ್ತಿತ್ತು.

ಕೊನೆಗೆ ಕಲಬುರ್ಗಿಯವರೇ ಸೇಡಂಗೆ ಬಂದರು. ಗುಟ್ಟು ರಟ್ಟಾಯಿತೆಂದು ಲುಂಬಿನಿ ಎದ್ದು ನಿಂತಳು. ಅವರೋ ಹಾರ ತಂದಿದ್ದರು! ಇಷ್ಟು ಜನರನ್ನು ಸೆಳೆದವಳು ಇಲ್ಲಿ ಕೊಳೆಯಬಾರದು, ನಮ್ಮ ಎಲ್ಲ ಯೋಜನೆಗಳ ಪುಟಗಳನ್ನು ಯಾರೆಷ್ಟು ನೋಡುತ್ತಾರೆಂದು ಅಳೆಯುವ ಕೆಲಸ ಇವಳಿಗೇ ಇರಲಿ ಎಂದರು. ಖಾಯಂ ನೌಕರಿ. ಮಾದರಿಯ ಗತಿ ಏನೆಂದು ಕೇಳಿದಳು. ಬೇರೆ ಯಾರನ್ನಾದರೂ ನೇಮಿಸೋಣ ಎಂದರು. ಯಾರನ್ನೂ ನೇಮಿಸಲಿಲ್ಲ, ಯೋಜನೆ ಕಾಗದದ ಮೇಲಷ್ಟೇ ಉಳಿಯಿತು, ಆ ಮಾತು ಬೇರೆ.

ಒಲ್ಲೆ ಎನ್ನಬೇಕೆಂದು ಮನೆಗೆ ಹೋದಳು. ಶಾಲೆಯ ಬಿಸಿಯೂಟದ ಒಲೆಯ ಮುಂದೆ ಬೆಂದು ಬಂದ ಮಾಣಿಕಮ್ಮನಿಗೆ ಸುದ್ದಿ ಅಷ್ಟರಲ್ಲೇ ಮುಟ್ಟಿತ್ತು. ಓಣಿಗೆಲ್ಲ ಪೇಡೆ ಹಂಚಿ ಬಂದಿದ್ದಳು.

"ಇನ್ನ ನಿನಗ ಯಾರೂ ಹಂಗಾಮಿ ಅನ್ನಂಗಿಲ್ಲ ನೋಡವ್ವ" ಎಂದು ಮಗಳ ಗಲ್ಲ ಸವರಿದಳು. ಲುಂಬಿನಿ ಮರುದಿನ ಹೋಗಿ ಒಪ್ಪಿಗೆಗೆ ಸಹಿ ಹಾಕಿದಳು.

ಆಮೇಲೆ ವಾಡಿಯಿಂದ ಶಹಾಬಾದ ಮೇಲೆ ಹಾಯ್ದು ಕಲಬುರ್ಗಿಗೆ ದಿನಾ ಓಡಾಟ. ಕಣ್ಣು ಕೀಳುವಷ್ಟು ಅಂಕಿಗಳು, ಒಂದೂ ಮಳೆಯದ್ದಲ್ಲ. ೨೦೦೮ರ ಹೊತ್ತಿಗೆ ದಸ್ತಗೀರ ಕಂಪ್ಯೂಟರುಗಳನ್ನು ಮಾರಿ ಮೊಬೈಲ್ ರೀಚಾರ್ಜಿಗೆ ಕುಳಿತ. ಮಳೆಯ ಪುಟದ ಕೌಂಟರ್ ಸತ್ತಂತೆ ನಿಂತಿತು. ಅದೇ ವರ್ಷ, ನೋಡುವವರಿಲ್ಲದ ಯೋಜನೆಗಳನ್ನು ಮುಚ್ಚಬೇಕು, ಯಾವುವೆಂದು ಲುಂಬಿನಿ ಹೇಳಬೇಕು ಎಂದು ಆಜ್ಞೆಯಾಯಿತು. ಒಂದು ವಾರ ಪಟ್ಟಿ ಬರೆದು ಬರೆದು ಹರಿದಳು. ಮತ್ತೆ ಸುಳ್ಳು ಅಂಕಿ ತೋರಿಸಲು ಮನಸ್ಸು ಬಾರದೆ, ಸಭೆಯಲ್ಲಿ ಎದ್ದು ಮೊದಲು ತನ್ನ ಮಳೆಯ ಮಾದರಿಯ ಹೆಸರನ್ನೇ ಓದಿದಳು.

ಕಲಬುರ್ಗಿ ಕಚೇರಿಯ ಮುಖ್ಯಸ್ಥರಿಗೆ ಅಚ್ಚರಿ. ಒಂದು ಕಾಲಕ್ಕೆ ಅಷ್ಟೊಂದು ಜನ ಓದಿದ್ದಲ್ಲವೇ, ಈಗೇನಾಯಿತು ಎಂದರು. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಮಾತು ಆಗ ಹೊರಬಿತ್ತು.

"ಅದನ್ನ ಯಾರೂ ಯಾವತ್ತೂ ಓದಿಲ್ರಿ ಸರ್. ಒಬ್ಬರೂ ಓದಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಎಷ್ಟು ವಿನಯ ನೋಡಿ, ತನ್ನದೆಂದು ಕೂಡ ಮುಲಾಜು ಮಾಡಲಿಲ್ಲ ಎಂದು ಮುಖ್ಯಸ್ಥರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಲುಂಬಿನಿ ಚಪ್ಪಾಳೆ ನಿಲ್ಲುವ ತನಕ ಕೈಮುಗಿದುಕೊಂಡು ನಿಂತಿದ್ದು, ಎರಡನೆಯ ಹೆಸರು ಓದಿದಳು.