ಬೇಡ ಅನ್ನುವ ಡಾಕ್ಟರು

ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಆಸ್ಪತ್ರೆಯಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನ್ ವಿಭಾಗದ ಡಾಕ್ಟರು. ಅವರನ್ನು ಎಲ್ಲರೂ ಕರೆಯುವುದು ‘ಬೇಡ ಡಾಕ್ಟರು’ ಅಂತ. ಯಾರೇ ಚೀಟಿ ಹಿಡಿದು ಬಂದರೂ ಅವರ ಬಾಯಿಂದ ಮೊದಲು ಬರುವ ಮಾತು ಅದೇ. ಸಿಹಿ ತಿಂಡಿ ಅಂಗಡಿಯವನೇ ಗಿರಾಕಿಗೆ ತಿನ್ನಬೇಡಿ ಅಂದರೆ ಹೇಗಿರುತ್ತದೆ, ಹಾಗೆ.

ಅವರ ಕೋಣೆಗೆ ಕಿಟಕಿ ಇಲ್ಲ. ಹಗಲಲ್ಲೂ ಅಲ್ಲಿ ಮಬ್ಬು. ಗೋಡೆಯಾಚೆ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ, ಪರದೆಯ ಮೇಲೆ ಯಾರದೋ ಪಕ್ಕೆಲುಬು, ಯಾರದೋ ಮಂಡಿ ಬೂದುಬಣ್ಣದಲ್ಲಿ ತೇಲಿ ಬಂದು ಹೋಗುತ್ತವೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು. ಪಾಠ ಮುಗಿಸಿ ಅಲ್ಲಿಗೆ ಹೋಗಿ ಒಂದು ಮೂಲೆಯಲ್ಲಿ ಕೂತರೆ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇರುತ್ತಿದ್ದೆ. ಅತ್ತೆಗೆ ಇದು ಗೊತ್ತಿತ್ತು. “ನಮ್ಮ ಅಳಿಯಂದ್ರು ಚಿತ್ರ ನೋಡೋಕೆ ಬರಲ್ಲ, ಗೊರಕೆ ಹೊಡೆಯೋಕೆ ಬರ್ತಾರೆ” ಅಂತ ಕಾಲೆಳೆಯುತ್ತಿದ್ದರು.

ಅವರ ಹತ್ತಿರ ಒಂದೇ ಪ್ರಶ್ನೆ ಇತ್ತು. ಕಳಿಸಿದ ಡಾಕ್ಟರಿಗೂ ಅದೇ, ರೋಗಿಗೂ ಅದೇ: “ಚಿತ್ರ ನೋಡಿದ ಮೇಲೆ ಏನು ಬೇರೆ ಮಾಡ್ತೀರಿ?” ಔಷಧಿ ಬದಲಾಗುತ್ತದೆ, ಆಪರೇಷನ್ ಆಗುತ್ತದೆ, ಅನುಮಾನ ತೀರುತ್ತದೆ ಅಂದರೆ ಸರಿ. ಸುಮ್ಮನೆ ಒಂದು ಸಲ ನೋಡಿಬಿಡೋಣ ಅಂದಿರೋ, ಹುಬ್ಬು ಗಂಟಿಕ್ಕಿ, ಮೈಗೆ ವಿಕಿರಣ ಸುಮ್ಮನೆ ಹಾಯಿಸುವಂಥದ್ದಲ್ಲ ಅನ್ನುತ್ತಿದ್ದರು. ಪಕ್ಕದ ಬೀದಿಯ ನಿವೃತ್ತ ಪೋಸ್ಟ್‌ಮಾಸ್ಟರರು ತಲೆನೋವಿಗೆ ತಲೆಯ ಸ್ಕ್ಯಾನ್ ಮಾಡಿಸಲೇಬೇಕೆಂದು ಪಟ್ಟು ಹಿಡಿದಿದ್ದರು. ಅತ್ತೆ ಅವರನ್ನು ಪರೀಕ್ಷಿಸಿ, “ಫೋಟೋ ತೆಗೆದ್ರೆ ನೋವು ಹೋಗಲ್ಲ ಯಜಮಾನ್ರೇ, ಕನ್ನಡಕ ಬದಲಾಯಿಸಿ” ಎಂದು ಕಳಿಸಿದರು. ಪೋಸ್ಟ್‌ಮಾಸ್ಟರರು ಬೀದಿ ತುಂಬ ಮೂಗು ಮುರಿದರು. ಕನ್ನಡಕವನ್ನೇನೋ ಬದಲಾಯಿಸಿದರು.

ಮನೆಯಲ್ಲಿ ನಮಗೆಲ್ಲ ಇದು ಊಟದ ಜೊತೆ ಬಡಿಸಿದ ಪಾಠ. ನನ್ನ ಸೊಂಟ ಉಳುಕಿದಾಗ ಎಕ್ಸ್‌ರೇ ಅಂತ ಬಾಯಿಬಿಡಲೂ ನನಗೆ ಧೈರ್ಯ ಬರಲಿಲ್ಲ. ನನ್ನ ಹೆಂಡತಿಯಂತೂ ತಾಯಿಗಿಂತ ಒಂದು ಕೈ ಮೇಲು. ಬಸುರಿಯಾದ ಮೇಲೆ ಆಸ್ಪತ್ರೆಯ ಸ್ಕ್ಯಾನ್ ವಿಭಾಗದ ಕಡೆಯ ಓಣಿಯಲ್ಲೇ ನಡೆಯುತ್ತಿರಲಿಲ್ಲ, ಸುತ್ತಿ ಬಳಸಿ ಹೋಗುತ್ತಿದ್ದಳು. ನಾನು ನಗುತ್ತಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಏಳು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೊಟ್ಟೆ ಭಾರ, ಅದಕ್ಕೇ, ಅಂದಳು. ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದವಳು ಮಂಚ ಹಿಡಿದು ಕೂತುಬಿಟ್ಟಳು. ತುಟಿ ಬಣ್ಣಗೆಟ್ಟಿತ್ತು. ನಾನು ಆಟೋ ತರಲು ಬೀದಿಗೆ ಓಡಿದೆ.

ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು ಕೆದಕಿ ಕೇಳಿದಾಗ ಪಕ್ಕೆ ಚುಚ್ಚುವುದನ್ನು ಒಪ್ಪಿಕೊಂಡಳು. ಅವರು ಅದನ್ನು ಬರೆದುಕೊಂಡು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಎಂದರು. ಮೊದಲು ಕಾಲುಗಳಿಗೆ ಶಬ್ದದ ಅಲೆಗಳ ಸ್ಕ್ಯಾನ್ ಮಾಡಿದರು. ಇಂಥ ಹೆಪ್ಪು ಸಾಮಾನ್ಯವಾಗಿ ಕಾಲಿನಿಂದಲೇ ಮೇಲೇರುತ್ತದಂತೆ, ಈ ಸ್ಕ್ಯಾನಿನಲ್ಲಿ ವಿಕಿರಣವೂ ಇಲ್ಲ. ಕಾಲಲ್ಲಿ ಹೆಪ್ಪು ಸಿಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಎದೆಯನ್ನು ನೋಡದೆಯೇ ಔಷಧಿ ಶುರುಮಾಡಬಹುದಿತ್ತು. ಏನೂ ಸಿಗಲಿಲ್ಲ. ಉಳಿದದ್ದು ಎದೆಯ ಸಿಟಿ ಸ್ಕ್ಯಾನ್. ಹೊಟ್ಟೆಯಲ್ಲಿ ಮಗು.

“ನಿಮ್ಮತ್ತೆ ಒಪ್ಪಲ್ಲ ಬಿಡಿ” ಎಂದು ನರ್ಸಮ್ಮ ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಅಷ್ಟರಲ್ಲಿ ಅತ್ತೆ ಬಂದರು. ವರದಿ ನೋಡಿದರು, ಮಗಳ ಮುಖ ನೋಡಿದರು.

“ಸ್ಕ್ಯಾನ್ ಮಾಡ್ಬೇಕು” ಅಂದರು.

ಮಂಚದ ಮೇಲಿಂದ ನನ್ನ ಹೆಂಡತಿ ತಲೆ ಅಲ್ಲಾಡಿಸಿದಳು. “ಬೇಡಮ್ಮಾ. ಮಗುಗೆ ಏನಾದ್ರೂ ಆದ್ರೆ?”

“ನಾನು ಎಲ್ರಿಗೂ ಕೇಳ್ತೀನಲ್ಲ, ಅದನ್ನ ನೀನು ನನಗೆ ಕೇಳು.”

ಅವಳು ಉಸಿರು ಕೂಡಿಸಿಕೊಂಡಳು. “ನೋಡಿದ ಮೇಲೆ ಏನು ಬೇರೆ ಮಾಡ್ತೀಯಾ?”

“ಹೆಪ್ಪು ಇದ್ರೆ ಹೆರಿಗೆ ಆಗೋವರೆಗೂ, ಆಮೇಲೂ ದಿನಾ ರಕ್ತ ತೆಳು ಮಾಡೋ ಇಂಜೆಕ್ಷನ್. ನೀನು ಬದುಕ್ತೀಯಾ. ಇಲ್ದಿದ್ರೆ ಆ ಇಂಜೆಕ್ಷನ್ ನಿನಗೆ ಬೇಡ, ಸುಮ್ನೆ ಕೊಟ್ರೆ ಹೆರಿಗೇಲಿ ರಕ್ತ ನಿಲ್ಲೋದು ಕಷ್ಟ. ಕಿರಣ ಹಾಯೋದು ಎದೆಗೆ. ಮಗುಗೆ ತಲುಪೋದು ತೀರಾ ಕಮ್ಮಿ. ನೀನು ಇಲ್ದಿದ್ರೆ ಮಗುಗೆ ಯಾರು?” ಆಮೇಲೆ ದನಿ ತಗ್ಗಿಸಿ ಕೇಳಿದರು, “ಪಕ್ಕೆ ಚುಚ್ಚೋಕೆ ಶುರುವಾಗಿ ಎಷ್ಟು ದಿನ ಆಯ್ತು?”

“ವಾರ ಆಯ್ತು.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಸ್ಕ್ಯಾನ್ ಅಂತಾರೆ. ನೀನು ಬೇಡ ಅಂತೀಯಾ. ಮತ್ಯಾಕೆ ಅಂತ.”

ಅತ್ತೆ ಮಗಳ ಕಾಲ ಮೇಲಿನ ಹೊದಿಕೆಯನ್ನು ಸರಿಪಡಿಸಿದರು, ಅದು ಸರಿಯಾಗಿಯೇ ಇತ್ತು.

ನಾನು ಅದೇ ಮಬ್ಬು ಕೋಣೆಯ ಮೂಲೆಯಲ್ಲಿ ಕೂತೆ. ನಿದ್ದೆಯ ಸುಳಿವಿರಲಿಲ್ಲ, ಆದರೂ ಎಲ್ಲ ಕನಸಿನಲ್ಲಿ ನಡೆದಂತಿತ್ತು. ಗಾಜಿನಾಚೆ ನನ್ನ ಹೆಂಡತಿ ಕೈಗಳನ್ನು ತಲೆಯ ಮೇಲೆತ್ತಿಕೊಂಡು ಮಲಗಿದ್ದಳು. ಹಲಗೆ ನಿಧಾನವಾಗಿ ಅವಳನ್ನು ಬಿಳಿಯ ಬಳೆಯೊಳಗೆ ಒಯ್ದು ಮತ್ತೆ ಹೊರಗೆ ತಂದಿತು. ಆಮೇಲೆ ಅವಳ ಶ್ವಾಸಕೋಶ ಪರದೆಗೆ ಬಂತು. ಕಪ್ಪಿನ ಮೇಲೆ ಬಿಳಿಯ ಕೊಂಬೆಗಳು, ಕೊಂಬೆಗೆ ಕವಲು, ಕವಲಿಗೆ ಕವಲು. ಎಷ್ಟು ಚೆಂದವಿತ್ತೆಂದರೆ ನನಗೆ ನಾಚಿಕೆಯಾಯಿತು. ಬಲಗಡೆಯ ಒಂದು ಕೊಂಬೆಯ ನಡುವೆ ಮಾತ್ರ ಮಕ್ಕಳು ರಬ್ಬರಿನಿಂದ ಉಜ್ಜಿದ ಹಾಗೆ ಬೂದು ಕಲೆ. ಅತ್ತೆ ಅದರ ಮೇಲೆ ಬೆರಳಿಟ್ಟರು. “ಇದೇ ಹೆಪ್ಪು” ಅಂದರು.

ಇಂಜೆಕ್ಷನ್ ಸಂಜೆಯೇ ಶುರುವಾಯಿತು. ತಿಂಗಳು ತುಂಬಿ ಮಗಳು ಹುಟ್ಟಿದಳು. ಈಗ ಅವಳಿಗೆ ಮಾತು ಬಂದಿದೆ; ಅಜ್ಜಿಯದೇ ಗಂಟಲು, ಕೊಟ್ಟದ್ದಕ್ಕೆಲ್ಲ ಬೇಡ ಅನ್ನುತ್ತಾಳೆ.

ಅತ್ತೆ ಬದಲಾದರೇ? ಇಲ್ಲ. ಈಗಲೂ ಬಂದವರಿಗೆಲ್ಲ ಬೇಡ ಅನ್ನುತ್ತಾರೆ, ಈಗಲೂ ಅದೇ ಪ್ರಶ್ನೆ ಕೇಳುತ್ತಾರೆ. ಮೊನ್ನೆ ಪೋಸ್ಟ್‌ಮಾಸ್ಟರರು ಮತ್ತೆ ತಲೆ ಹಿಡಿದುಕೊಂಡು ಬಂದಿದ್ದರು. ಅತ್ತೆ ಪರೀಕ್ಷಿಸಿ ಬೇಡ ಅಂದರು. ಅವರು ಗೊಣಗಿಕೊಂಡು ಓಣಿಯ ತುದಿ ಮುಟ್ಟಿದ್ದರು. ಅತ್ತೆ ಕುರ್ಚಿಯಿಂದೆದ್ದು ಹೋಗಿ ಅವರ ತೋಳು ಹಿಡಿದು ನಿಲ್ಲಿಸಿದರು.

“ಯಜಮಾನ್ರೇ, ಇವತ್ತಿಗೆ ಬೇಡ. ಆದ್ರೆ ವಾಂತಿಯಾದ್ರೆ, ಕಣ್ಣು ಮಂಜಾದ್ರೆ, ಮಾತು ತೊದಲಿದ್ರೆ ಆಗಿಂದಾಗ್ಲೇ ಬನ್ನಿ. ನಾನು ಬೇಡ ಅಂತೀನಿ ಅಂದ್ಕೊಂಡು ಮನೇಲಿ ಕೂತುಬಿಡ್ಬೇಡಿ.”