ಮೊಳಕೆ ನೋಡಿದ ಹಿಡಿ ಕಾಳು

ಮಗಳ ಮಗಳನ್ನು ನನ್ನ ಕಿರಿಮಗನಿಗೆ ತಂದುಕೊಂಡವಳು ನಾನೇ. ಹುಡುಗಿ ಕಣ್ಣಮುಂದೆ ಇರಲಿ ಎಂಬ ಆಸೆ. ಮದುವೆಯಾದ ಮೇಲೂ ಅವಳು ನನಗೆ ಅತ್ತೆ ಎನ್ನಲಿಲ್ಲ. ನಮ್ಮ ಕಡೆ ಅಜ್ಜಿಯನ್ನು ಕರೆಯುವಂತೆ ಇಂದಿಗೂ 'ಅಮ್ಮ' ಎನ್ನುತ್ತಾಳೆ.

ಅವರ ಮೊದಲ ಕೂಸಿಗೆ ಮೈಯಲ್ಲಿ ರಕ್ತ ಸಾಲುವುದಿಲ್ಲ. ಥಲಸ್ಸೇಮಿಯಾ ಎಂದು ಹೆಸರು. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ. ಮೂರು ವಾರಕ್ಕೊಮ್ಮೆ ಗಂಗಾವತಿಯಿಂದ ಕೊಪ್ಪಳಕ್ಕೆ ಒಯ್ದು ರಕ್ತ ಹಾಕಿಸಬೇಕು. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಒಂದೇ ದೋಷ ಮರೆಯಾಗಿ ಕೂತಿತ್ತಂತೆ. ಬಂದದ್ದು ನನ್ನಿಂದಲೋ, ನನ್ನ ಯಜಮಾನರಿಂದಲೋ. ಅವರು ತೀರಿಹೋದರು, ಬೈಸಿಕೊಳ್ಳಲು ಉಳಿದವಳು ನಾನೊಬ್ಬಳೇ.

ಎರಡನೆಯ ಕೂಸಿಗೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಅಲ್ಲಿ ಗಂಡ ಹೆಂಡತಿಯ ಬೀಜ ಕೂಡಿಸಿ, ಗಾಜಿನ ತಟ್ಟೆಯಲ್ಲಿ ನಾಲ್ಕು ಭ್ರೂಣ ಬೆಳೆಸಿದ್ದರು. ಗರ್ಭಕ್ಕೆ ಬಿಡುವ ಮೊದಲು ಅವುಗಳಲ್ಲಿ ಈ ರೋಗ ಇದೆಯೋ ಇಲ್ಲವೋ ನೋಡಬಹುದು. ಮೂರು ದಿನದಲ್ಲಿ ಹೂಂ ಅಥವಾ ಉಹೂಂ ಹೇಳಬೇಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲೇ ಡಾಕ್ಟರಮ್ಮ, "ಗಂಡೋ ಹೆಣ್ಣೋ ಹೇಳಂಗಿಲ್ರಿ ಅಜ್ಜಿ," ಅಂದರು.

"ನಾ ಎಲ್ಲಿ ಕೇಳಿದ್ನಿ? ಕುಡ್ಯಾಕ ನೀರು ಎಲ್ಲೈತಿ ಅಂತ ಕೇಳಾಕತ್ತಿದ್ನಿ."

ನೀರು ಕುಡಿದು ನನ್ನ ಮಾತು ಹೇಳಿದೆ. ನಾವು ಭತ್ತ ಬೆಳೆಯುವವರು. ಸಸಿಮಡಿಗೆ ಚೆಲ್ಲುವ ಮೊದಲು ಚೀಲದಿಂದ ಒಂದು ಹಿಡಿ ತೆಗೆದು, ಹಸಿಬಟ್ಟೆಯಲ್ಲಿ ಕಟ್ಟಿ ಮೊಳಕೆ ನೋಡುತ್ತೇವೆ. ನೋಡಿದ ಹಿಡಿ ಕೋಳಿಗೆ, ಚೀಲ ಹೊಲಕ್ಕೆ. "ನಮ್ಮ ಕೈಯಾಗ ಇರೋವು ನಾಕ ಕಾಳು. ಅವನ್ನೂ ಕೆದರಿದ್ರ ಬಿತ್ತೂದು ಏನ್ರಿ?"

ಡಾಕ್ಟರಮ್ಮ ನಗಲಿಲ್ಲ. "ಕೂಸಾಗೋ ಭಾಗ ಮುಟ್ಟಂಗಿಲ್ರಿ. ಮಾಸು ಆಗೋ ಕಡಿಂದ ನಾಕಾರು ಕಣ ತೆಗಿತೀವಿ. ಆದ್ರೂ ಒಮ್ಮೊಮ್ಮೆ ಪೆಟ್ಟು ಬೀಳ್ತೈತಿ. ವರದಿ ತಪ್ಪಬಹುದು, ಬಸಿರಾದ ಮ್ಯಾಲೆ ಮತ್ತ ನೋಡಬೇಕು. ಕಡೀಕ ಒಂದೂ ಉಳಿಲಿಕ್ಕಿಲ್ಲ."

"ಹಂಗಾದ್ರ ಬ್ಯಾಡ," ಅಂದೆ. ಮಗ ನೆಲ ನೋಡಿದ. ಮೊಮ್ಮಗಳು ಆಸ್ಪತ್ರೆಯ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಕೊಪ್ಪಳದಲ್ಲಿ ರಕ್ತ ಹಾಕಿಸುವ ದಿನ. ಐದು ವರ್ಷದ ಆ ಕೂಸು ತಾನೇ ತೋಳು ಮೇಲೇರಿಸಿ ನರ್ಸಿಗೆ ಹೇಳಿತು: "ಆ ಕೈ ಬ್ಯಾಡ್ರಿ, ಹೋದ ಸಲ ಅದಕ್ಕ ಚುಚ್ಚೀರಿ. ಇವತ್ತ ಇದರ ಪಾಳಿ."

ಕೂಸು ಅತ್ತಿದ್ದರೆ ನಾನು ಗಟ್ಟಿಯಾಗಿರುತ್ತಿದ್ದೆ. ಅದು ಅಳಲಿಲ್ಲ.

ಮೊಮ್ಮಗಳು ಕೂಸಿನ ಅಂಗಾಲು ತಿಕ್ಕುತ್ತ ಮೆಲ್ಲಗೆ ಅಂದಳು: "ಇಕಿನ್ನೂ ಹಿಂಗ ಮೊದ್ಲ ನೋಡಿದ್ದಿದ್ರ, ಇಕಿ ನಮ್ಮ ಮನಿಗೆ ಬರ್ತಿದ್ದಿಲ್ಲಲ್ಲಮ್ಮ."

ಅವಳ ಅಂಜಿಕೆ ಇದು ಎಂದು ಆಗ ತಿಳಿಯಿತು. ನಾನು ಕಾಳು ಎಣಿಸುತ್ತಿದ್ದೆ, ಅವಳು ಮಗಳ ಮುಖ ನೋಡುತ್ತಿದ್ದಳು.

"ಬಂದಾಕಿನ್ನ ಯಾಕ ಅದರಾಗ ಎಳಿತಿ? ಇಕಿ ಬಂದಾಳ, ಮನಿ ಆಳಾಕತ್ತಾಳ. ಬರೋ ಕೂಸಿಗೆ ಈ ಸೂಜಿ ತಪ್ಪಿಸಾಕ ಆಗ್ತೈತೋ ಇಲ್ಲೋ, ಅಷ್ಟ ಮಾತು. ನೋಡಸ್ರಿ. ಒಂದೂ ಉಳಿಲಿಲ್ಲಂದ್ರ ಇಕಿ ಒಬ್ಬಾಕಿನ ಸಾಕು." ಇನ್ನೊಂದೂ ಹೇಳಬೇಕಿತ್ತು, ಹೇಳಿಬಿಟ್ಟೆ. "ಈ ಲಗ್ನ ಮಾಡಿದ್ದು ನನ್ನ ತಪ್ಪು."

"ನೀ ಮಾಡ್ದಿದ್ರ ನಿನ್ನ ಮಗನ್ನ ಕರ್ಕೊಂಡು ನಾನ ಓಡಿ ಹೋಗ್ತಿದ್ನಿ. ಸುಮ್ನ ಕುಂದ್ರು."

ಪರೀಕ್ಷೆ ಆಯಿತು. ಒಂದರಲ್ಲಿ ಅದೇ ರೋಗ. ಇನ್ನೊಂದು ಬೆಳೆಯುವುದನ್ನೇ ಬಿಟ್ಟಿತು, ಪರೀಕ್ಷೆಯ ಪೆಟ್ಟಿಗೋ, ತಾನಾಗಿಯೋ, ಅವರಿಗೂ ಗೊತ್ತಿಲ್ಲ. ರೋಗವಿಲ್ಲದ ಎರಡು ಉಳಿದಿವೆ. ಥಂಡಿಯಲ್ಲಿ ಇಟ್ಟಿದ್ದಾರೆ, ಮುಂದಿನ ತಿಂಗಳು ಒಂದನ್ನು ಗರ್ಭಕ್ಕೆ ಬಿಡುತ್ತಾರೆ. ನಿಲ್ಲುತ್ತದೋ ಇಲ್ಲವೋ, ಹೇಳಲು ನಾನು ದೇವರಲ್ಲ.

ಈ ಸಲವೂ ಭತ್ತದ ಮೊಳಕೆ ನೋಡಿದೆ. ಬಟ್ಟೆ ಬಿಚ್ಚಿದಾಗ ಕೋಳಿಗಳು ಕಾಲಿಗೆ ಬಂದವು. ಓಡಿಸಿ, ಆ ಹಿಡಿಯನ್ನೂ ಸಸಿಮಡಿಯ ಮೂಲೆಗೆ ಚೆಲ್ಲಿ ಬಂದೆ. ಮಗ ನೋಡಿ ನಕ್ಕ. ನಗಲಿ.